ಗಾಣಿಗನ ಗಾಡಿ

“ಗುರುಗಳೇ, ಒಮ್ಮೆ ಮುರಿದ ಮನಸ್ಸು ಮತ್ತೆ ಮೊದಲಿನಂತೆ ಆಗುವುದು ಯಾವಾಗ?”

ಕೇಳಿದವನು ಚೆನ್ನವೀರ. ಮಠಕ್ಕೆ ಬರುವ ಮೊದಲು ಅವನು ಊರೂರು ತಿರುಗಿ ಪುರಾಣ ಹೇಳುತ್ತಿದ್ದ. ಒಂದು ದಿನ ತುಂಬಿದ ಸಭೆಯಲ್ಲಿ, ಕತೆ ಅರ್ಧಕ್ಕೆ ಬಂದಾಗ, ಮುಂದಿನ ಮಾತು ಮರೆತುಹೋಯಿತು. ಎಷ್ಟು ನೆನೆದರೂ ಬರಲಿಲ್ಲ. ಜನ ನಕ್ಕರು. ಅಂದು ಪುಸ್ತಕ ಮುಚ್ಚಿ ಎದ್ದು ಬಂದವನು ನಾಲ್ಕು ವರ್ಷದಿಂದ ಗುರುಗಳ ಬಳಿಯೇ ಇದ್ದ. ಈಗ ಅದೇ ಊರಿನವರು ಓಲೆ ಕಳಿಸಿದ್ದರು. ಬಂದು ಪುರಾಣ ಹೇಳಬೇಕು, ನಿನ್ನ ದನಿ ಕೇಳಿ ಬಹಳ ದಿನವಾಯಿತು ಎಂದು ಬರೆದಿದ್ದರು.

“ಮನಸ್ಸು ಮೊದಲಿನಂತಾದ ಮೇಲೆ ಬರುತ್ತೇನೆ ಎಂದು ಉತ್ತರ ಕೊಟ್ಟುಬಿಡಲೇ?” ಎಂದು ಅವನು ಕೇಳಿದ.

ಗುರುಗಳು ಪಾಕಶಾಲೆಯ ಕಡೆ ನೋಡಿದರು.

“ಕೊಡುವೆಯಂತೆ. ಓಲೆ ತಂದವನು ಇನ್ನೂ ಊಟಕ್ಕೆ ಕುಳಿತಿದ್ದಾನೆ. ಅವನು ಕೈ ತೊಳೆಯುವುದರೊಳಗೆ ಒಂದು ಕತೆ ಮುಗಿಯುತ್ತದೆ. ಕೇಳು.”

ಒಬ್ಬ ಗಾಣಿಗನಿದ್ದ. ಯಾವ ಊರು ಎಂದು ಕೇಳಬೇಡ, ಎಣ್ಣೆ ಬೇಕಾದ ಯಾವುದೋ ಒಂದು ಊರು. ಆಳು ಎತ್ತರ. ಮೈಯಲ್ಲಿ ಬಲವಿತ್ತು, ನಾಲಿಗೆಯಲ್ಲಿ ಅದಕ್ಕಿಂತ ಹೆಚ್ಚು ಬಲವಿತ್ತು. ದಿನವೆಲ್ಲ ಎತ್ತಿನ ಹಿಂದೆ ಸುತ್ತಿದರೂ ದಣಿಯುತ್ತಿರಲಿಲ್ಲ. ಒಂದು ದಿನ ಎತ್ತು ಏನನ್ನೋ ಕಂಡು ಬೆದರಿತು. ಗಾಣದ ಮರ ರಭಸದಿಂದ ತಿರುಗಿ ಬಂದು ಅವನ ಎಡಗಾಲಿಗೆ ಬಡಿಯಿತು. ಕಾಲು ಮುರಿಯಿತು.

ನಾಟಿ ವೈದ್ಯ ಬಂದು ದಬ್ಬೆ ಕಟ್ಟಿದ. ಮೂರು ತಿಂಗಳ ಮೇಲೆ ಬಿಚ್ಚಿ, ಮೂಳೆ ಕೂಡಿದೆ, ಇನ್ನು ಎದ್ದು ನಡೆ ಎಂದ. ಗಾಣಿಗ ಎದ್ದ. ಒಂದು ಹೆಜ್ಜೆ ಇಟ್ಟ. ನೋವು ನೆತ್ತಿಗೇರಿತು. ಮಂಚ ಹಿಂದೆಯೇ ಇತ್ತು, ಕುಳಿತುಬಿಟ್ಟ. ನಾಳೆ ನೋಡೋಣ ಎಂದ. ಆ ನಾಳೆ ಬರದೆ ಮೂರು ವರ್ಷವಾಯಿತು.

ಅವನಿಗೆ ಬಹಳ ಒಳ್ಳೆಯ ಹೆಂಡತಿ ಇದ್ದಳು. ಅದೂ ಒಂದು ಕಷ್ಟವೇ. ಊಟ ಮಂಚಕ್ಕೆ ಬಂತು, ನೀರು ಮಂಚಕ್ಕೆ ಬಂತು, ಮನೆಗೆ ಬಂದ ನೆಂಟರೂ ಮಂಚದ ಬಳಿಗೇ ಬಂದರು. ಗಾಣವನ್ನೂ ಆಕೆಯೇ ಹೊಡೆದಳು. ಇವನು ಮಲಗಿದಲ್ಲಿಂದಲೇ ಎತ್ತು ನಿಧಾನವಾಯಿತು, ಎಳ್ಳು ಸಾಲದು ಎಂದು ಕೂಗಿ ಹೇಳುತ್ತಿದ್ದ. ಕೂಗಿದರೆ ಸಾಕು, ಆಕೆ ಓಡಿ ಬರುತ್ತಿದ್ದಳು. ಅತ್ತ ಗಾಣ, ಇತ್ತ ಗಂಡ, ಎರಡರ ನಡುವೆ ಓಡಾಡಿ ಆಕೆ ಸೋತುಹೋದಳು. ಮನೆಗೆ ಬಂದಿರುವ ಎಳ್ಳು ಅರೆದು ಮುಗಿಯಲಿ, ಆಮೇಲೆ ಎತ್ತನ್ನು ಯಾರಿಗಾದರೂ ಕೊಟ್ಟು ಗಾಣ ನಿಲ್ಲಿಸಿಬಿಡೋಣ ಎಂದು ಒಂದು ದಿನ ಹೇಳಿದಳು. ಗಾಣಿಗ ಗೋಡೆಯ ಕಡೆ ಹೊರಳಿ ಮಲಗಿದ. ಬೇಡ ಎಂದು ಹೇಳುವ ಆಸೆ ಅವನಿಗೆ ಬಹಳವಿತ್ತು, ಹೇಳಲು ಬಾಯಿ ಬರಲಿಲ್ಲ.

ಮಾರನೆಯ ದಿನವೇ ಮಂಚ ಮುರಿಯಿತು. ತಲೆಯ ಕಡೆಯ ಎಡಗಾಲಿಗೆ ಗೆದ್ದಲು ಹತ್ತಿ ಒಳಗೆಲ್ಲ ಟೊಳ್ಳಾಗಿತ್ತು. ಗಾಣಿಗ ಮಗ್ಗುಲು ಬದಲಿಸಿದ, ಹಾಸಿಗೆ ಸಮೇತ ನೆಲಕ್ಕೆ ಬಿದ್ದ. ಪೆಟ್ಟೇನೂ ಆಗಲಿಲ್ಲ. ಆದರೆ ಊರು ಮುಳುಗಿದಂತೆ ಕೂಗಾಡಿದ. ಹೆಂಡತಿ ಅವನಿಗೆ ಚಾಪೆ ಹಾಸಿಕೊಟ್ಟು, ಮಂಚವನ್ನು ಪಕ್ಕದ ಮನೆಯವರ ಬಂಡಿಯಲ್ಲಿ ಹೇರಿಸಿಕೊಂಡು, ಮುಂದಿನ ಊರಿನ ಬಡಗಿಯ ಬಳಿಗೆ ಹೋದಳು.

ಬಡಗಿ ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಜಿಪುಣ. ಗಾಣಿಗನ ಕಾಲು ಮುರಿದ ಸುದ್ದಿ ಅವನಿಗೂ ಮುಟ್ಟಿತ್ತು. ಗಾಣಿಗನ ಹೆಂಡತಿ ಬಂಡಿಯಿಂದ ಮಂಚ ಇಳಿಸಿ ಹೇಳಿದಳು:

“ಕಾಲು ಮುರಿದೈತೆ ಆಚಾರ್ರೇ. ಹೆಂಗಾದ್ರೂ ಮಾಡಿ ನಿಲ್ಲೋ ಹಂಗೆ ಮಾಡ್ಕೊಡಿ.”

“ಯಾವ ಕಾಲವ್ವಾ?”

“ಎಡಗಾಲು.”

“ಭಾರ ತಡೀಬೇಕಲ್ಲ?”

“ತಡೀಲೇಬೇಕು. ಎತ್ತರದ ಆಳು.”

ಬಡಗಿ ತಲೆಯಾಡಿಸಿದ. ನಾಲ್ಕು ದಿನ ಬಿಟ್ಟು ಬಾ ಎಂದ. ಆಕೆ ನೆಮ್ಮದಿಯಿಂದ ಮನೆಗೆ ಹೋದಳು.

ನಗಬೇಡ ಚೆನ್ನವೀರ. ಇಬ್ಬರೂ ಸುಳ್ಳಾಡಲಿಲ್ಲ. ಆಕೆ ಹೇಳಿದ್ದು ಮಂಚದ ಕಾಲನ್ನು, ಅವನು ತಿಳಿದದ್ದು ಗಂಡನ ಕಾಲನ್ನು. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರಿರುವಾಗ ಬಡಗಿ ಏನು ಮಾಡಿಯಾನು? ಪಾಪ, ಹೊಸ ಮರ ತರಲಾಗದೆ ಮನೆಯ ಮುರುಕು ಮಂಚವನ್ನೇ ಮರಕ್ಕೆಂದು ತಂದು ಹಾಕಿದ್ದಾಳೆ ಎಂದುಕೊಂಡು ಅವನ ಕರುಳು ಚುರುಕ್ ಎಂದಿತು. ಆ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಿಡಿದ.

ಮಂಚ ಬಿಚ್ಚಿದ. ಗೆದ್ದಲು ತಿಂದ ಕಾಲನ್ನು ಒಲೆಗೆ ಹಾಕಿದ. ಉಳಿದ ಮೂರು ಕಾಲುಗಳು ಗಟ್ಟಿ ಹೊನ್ನೆಮರದವು, ತೊಡೆಯಷ್ಟು ದಪ್ಪ. ಅವನ್ನು ಅಡ್ಡಕ್ಕೆ ಕೊಯ್ದು ಮೂರು ಚಕ್ರ ಮಾಡಿದ. ಸೀಳದಿರಲೆಂದು ಸುತ್ತ ಕಬ್ಬಿಣದ ಬಳೆ ತೊಡಿಸಿದ. ಮಂಚದ ಉದ್ದ ಪಟ್ಟಿಗಳಿಂದ ಚೌಕಟ್ಟು ಕಟ್ಟಿದ. ಎದೆಯ ಎತ್ತರಕ್ಕೆ, ಹಿಡಿದುಕೊಳ್ಳಲು ಒಂದು ಅಡ್ಡಪಟ್ಟಿ ಕೂರಿಸಿದ. ನಡಿಗೆ ಕಲಿಯುವ ಮಕ್ಕಳಿಗೆ ಮೂರು ಚಕ್ರದ ಗಾಡಿ ಮಾಡಿಕೊಡುತ್ತಾರಲ್ಲ, ಅದೇ ಗಾಡಿ. ಮಗು ಮಾತ್ರ ಆರಡಿಯದು.

ನಾಲ್ಕನೆಯ ದಿನ ಗಾಣಿಗನ ಹೆಂಡತಿ ಬಂದು ನೋಡಿದಳು. ಎಲ್ಲಿ ನನ್ನ ಮಂಚ ಎಂದಳು. ಇದೇ ಮಂಚ ಎಂದು ಬಡಗಿ ಗಾಡಿ ತೋರಿಸಿದ. ಆಮೇಲೆ ಆಕೆ ಆಡಿದ ಮಾತುಗಳನ್ನು ಮಠದಲ್ಲಿ ಹೇಳುವಂತಿಲ್ಲ. ಬಡಗಿಗೆ ತನ್ನ ತಪ್ಪು ತಿಳಿಯಿತು. ಮುಖ ಸಣ್ಣದಾಯಿತು. ಮರ ಈಗ ಇಲ್ಲ, ತಿಂಗಳೊಪ್ಪತ್ತಿನಲ್ಲಿ ಬರುತ್ತದೆ, ಬಂದೊಡನೆ ನನ್ನ ಕೈಯಿಂದಲೇ ಹೊಸ ಮಂಚ ಮಾಡಿಕೊಡುತ್ತೇನೆ ಎಂದು ಕೈಮುಗಿದ.

ಆಕೆ ಮತ್ತೇನು ಮಾಡಿಯಾಳು? ಗಾಡಿಯನ್ನು ತಳ್ಳಿಕೊಂಡು ಹೊರಟಳು. ಊರ ಬಾಗಿಲಿನಿಂದ ಮನೆಯವರೆಗೂ ಜನ ನಕ್ಕರು. ಇಷ್ಟು ದೊಡ್ಡ ಕೂಸು ಯಾರದವ್ವಾ ಎಂದು ಒಬ್ಬಳು ಕೇಳಿಯೇ ಬಿಟ್ಟಳು.

ಗಾಣಿಗ ಗಾಡಿಯನ್ನು ಕಂಡು ಕೆಂಡವಾದ.

“ನಾನೇನು ಎಳೆಗೂಸಾ? ಮೊದ್ಲು ಅದನ್ನ ಒಲೆಗೆ ಹಾಕು.”

“ಮಂಚ ಬರೋಗಂಟ ಬಿದ್ದಿರ್ಲಿ ಬಿಡು” ಎಂದಳು ಹೆಂಡತಿ.

ಬಡಗಿಯ ಮೇಲಿನ ಸಿಟ್ಟು ಆಕೆಗೂ ಇಳಿದಿರಲಿಲ್ಲ. ಆದರೆ ಅಷ್ಟು ಒಳ್ಳೆಯ ಮರ ಸುಡಲು ಮನಸ್ಸು ಬರಲಿಲ್ಲ. ಗಾಡಿಯನ್ನು ಗೋಡೆಗೆ ಒತ್ತರಿಸಿ ಇಟ್ಟಳು.

ಎರಡು ದಿನ ಕಳೆಯಿತು. ಮೂರನೆಯ ದಿನ ಆಕೆ ಎಳ್ಳನ್ನು ಅಂಗಳದಲ್ಲಿ ಒಣಹಾಕಿ ಬಾವಿಗೆ ಹೋಗಿದ್ದಳು. ಎತ್ತು ಹಗ್ಗ ಬಿಡಿಸಿಕೊಂಡು ನೇರವಾಗಿ ಎಳ್ಳಿಗೆ ಬಾಯಿ ಹಾಕಿತು. ಊರವರು ನಂಬಿ ತಂದುಕೊಟ್ಟ ಎಳ್ಳು ಅದು. ಗಾಣಿಗ ಚಾಪೆಯ ಮೇಲಿಂದ ಕೂಗಿದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಎತ್ತು ಒಮ್ಮೆ ತಲೆಯೆತ್ತಿ ನೋಡಿ, ದನಿ ಇದೆ, ಆಳಿಲ್ಲ ಎಂದು ತಿಳಿದು, ಮೇಯುವುದನ್ನು ಮುಂದುವರಿಸಿತು.

ಗಾಣಿಗನಿಗೆ ಮೈಯೆಲ್ಲ ಉರಿಯಿತು. ತೆವಳಿಕೊಂಡು ಗೋಡೆಯವರೆಗೆ ಹೋದ. ಕೈಗೆ ಸಿಕ್ಕಿದ್ದು ಗಾಡಿಯ ಪಟ್ಟಿ. ಹಿಡಿದು ಎದ್ದ. ಗಾಡಿ ಗೋಡೆಗೆ ಒತ್ತಿಕೊಂಡಿದ್ದರಿಂದ ಜಾರಲಿಲ್ಲ. ಎದ್ದು ನಿಂತಾಗ ಕಾಲು ಅದೇ ಹಳೆಯ ನೋವನ್ನು ನೆನಪಿಸಿತು. ಕುಳಿತುಕೊಳ್ಳೋಣ ಎಂದು ಹಿಂದೆ ನೋಡಿದ. ಹಿಂದೆ ಮಂಚವಿರಲಿಲ್ಲ. ಹೊರಗೆ ಎತ್ತು ಮೇಯುತ್ತಿತ್ತು.

ಗಾಡಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ತಳ್ಳಿದ. ಒಂದು ಹೆಜ್ಜೆ. ಬೈದ. ಇನ್ನೊಂದು ಹೆಜ್ಜೆ. ಬಡಗಿಯನ್ನು ಬೈದ. ಹೊಸ್ತಿಲ ಬಳಿ ವೈದ್ಯನನ್ನೂ ಬೈದ. ಅಂಗಳಕ್ಕೆ ಇಳಿಯುವ ಹೊತ್ತಿಗೆ ಬೈಯಲು ಯಾರೂ ಉಳಿದಿರಲಿಲ್ಲ, ಉಸಿರೂ ಉಳಿದಿರಲಿಲ್ಲ. ಹೋಗಿ ಎತ್ತಿನ ಮೂಗುದಾರ ಹಿಡಿದ. ಹೊಡೆಯಬೇಕೆಂದೇ ಹೋಗಿದ್ದ. ಎತ್ತು ಅವನ ಕೈ ಮೂಸಿತು, ಆಮೇಲೆ ನೆಕ್ಕಿತು. ಮೂರು ವರ್ಷದಿಂದ ಅವನು ಅದನ್ನು ಮುಟ್ಟಿರಲಿಲ್ಲ. ಅವನಿಗೆ ಅಳು ಬಂತು.

ಹೆಂಡತಿ ಬಾವಿಯಿಂದ ಬಂದಳು. ಗಂಡ ಅಂಗಳದಲ್ಲಿ ನಿಂತಿದ್ದ. ತಲೆಯ ಮೇಲಿನ ಕೊಡ ಇಳಿಸಬೇಕೆಂಬುದೂ ಆಕೆಗೆ ಮರೆತುಹೋಯಿತು.

“ಎತ್ತು ಕೊಡಬ್ಯಾಡ ಕಣೆ. ನಾನು ಹೊಡೀತೀನಿ” ಎಂದ ಗಾಣಿಗ.

ಮೂರು ವರ್ಷ ಕಣ್ಣಲ್ಲಿ ನೀರು ಹಾಕದ ಹೆಂಗಸು ಅಂದು ಬಿಕ್ಕಿ ಬಿಕ್ಕಿ ಅತ್ತಳು.

ಎತ್ತನ್ನು ಕೊಡಲಿಲ್ಲ. ಗಾಣ ನಿಲ್ಲಲಿಲ್ಲ. ಮೊದಲ ವಾರ ನಾಲ್ಕು ಸುತ್ತು, ಆಮೇಲೆ ಹತ್ತು. ಮುಂದೆ ಎತ್ತು, ಹಿಂದೆ ಗಾಡಿ, ಗಾಡಿಯ ಹಿಂದೆ ಗಾಣಿಗ. ನಕ್ಕ ಜನರೇ ಎಣ್ಣೆಗೆ ಬಂದರು. ತಿಂಗಳ ಮೇಲೆ ಬಡಗಿ ಬಂದ. ಮರ ಸಿಕ್ಕಿದೆ, ಮಂಚಕ್ಕೆ ಅಳತೆ ಕೊಡಿ ಎಂದು ಬಾಗಿಲಲ್ಲೇ ಅಂಜುತ್ತಾ ನಿಂತ. ಗಾಣಿಗ ಗಾಣ ನಿಲ್ಲಿಸದೆ, ಒಂದು ಸುತ್ತು ಮುಗಿಸಿ ಬಂದು ಉತ್ತರ ಹೇಳಿದ:

“ಸಣ್ಣದು ಸಾಕು ಆಚಾರ್ರೇ. ರಾತ್ರಿಗೆ ಮಾತ್ರ ಬೇಕಾಗೋದು.”

ಗುರುಗಳು ನಿಲ್ಲಿಸಿದರು. ಪಾಕಶಾಲೆಯಲ್ಲಿ ಊಟ ಮುಗಿದು ಎಲೆ ಎತ್ತುವ ಸದ್ದಾಯಿತು.

“ಆ ಕಾಲು ಮೊದಲಿನಂತೆ ಆಯಿತೇ, ಗುರುಗಳೇ?” ಎಂದು ಚೆನ್ನವೀರ ಕೇಳಿದ.

“ಇಲ್ಲ. ಕೊನೆಯವರೆಗೂ ಕುಂಟಿದ. ಕುಂಟುತ್ತಲೇ ಊರಿಗೆಲ್ಲ ಎಣ್ಣೆ ಕೊಟ್ಟ.”

ಓಲೆ ತಂದವನು ಕೈ ಒರೆಸಿಕೊಳ್ಳುತ್ತಾ ಬಂದು ಜಗಲಿಯ ಕೆಳಗೆ ನಿಂತ. ಏನು ಹೇಳಲಿ ಎಂಬಂತೆ ಚೆನ್ನವೀರನ ಮುಖ ನೋಡಿದ. ಚೆನ್ನವೀರನಿಗೆ ಆ ಸಭೆ, ಆ ನಗು, ಬಾರದೆ ಹೋದ ಆ ಮಾತು, ಎಲ್ಲವೂ ಒಮ್ಮೆಗೇ ನೆನಪಾಯಿತು. ಅವನು ಮುಂದಕ್ಕೆ ಬಾಗಿ ಗುರುಗಳ ಕಾಲುಗಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.

“ಅವನಿಗೆ ಗಾಡಿ ಇತ್ತು. ನನಗೆ ನೀವಲ್ಲದೆ ಯಾರಿದ್ದಾರೆ? ಈ ಪಾದ ಬಿಟ್ಟು ನಾನು ಎಲ್ಲಿಗೂ ಹೋಗಲಾರೆ” ಎಂದ.

ಗುರುಗಳು ಬಾಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

“ಏಳಪ್ಪ, ನೀನು ಹಿಡಿದುಕೊಂಡಿರುವುದು ಮಂಚದ ಕಾಲು.”