ಮಂತ್ರಿ ಕಂಡ ಗೋಸುಂಬೆಗಳು

ಹತ್ತಿರ ಬನ್ನಿ ಮಕ್ಕಳೇ, ಕೂತ್ಕೊಳ್ಳಿ. ಕಗ್ಗಲಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಬೊಮ್ಮರಸ ನಾಯಕ ಅಂತ ಒಬ್ಬ ರಾಜ. ಮನುಷ್ಯ ಒಳ್ಳೆಯವನೇ. ಆದರೆ ಮಂತ್ರಿ ತಿಪ್ಪರಸ ಏನು ಹೇಳಿದರೂ ತಲೆಯಾಡಿಸಿಬಿಡೋನು.

ಊರಾಚೆ ಕುರುಚಲು ಕಾಡು. ಕಾರೆ, ಕವಳೆ, ಜಾಲಿ ಒಂದಕ್ಕೊಂದು ಹೆಣೆದುಕೊಂಡು ಬೆಳೆದಿದ್ದವು. ಗೋಸುಂಬೆಗಳ ಬಾಳೆಲ್ಲ ಆ ಕೊಂಬೆಗಳ ಮೇಲೆಯೇ. ನೆಲಕ್ಕೆ ಇಳಿಯೋದು ಮೊಟ್ಟೆ ಇಡೋದಕ್ಕೆ ಮಾತ್ರ.

ಮಂತ್ರಿಯ ಭಾವಮೈದುನ ಇದ್ದಿಲು ಸುಡೋನು. ಅವನ ಆಳುಗಳು ಕಾಡು ಕಡಿಯೋಕೆ ಶುರು ಮಾಡಿದರು.

ಒಂದು ಬಸುರಿ ಗೋಸುಂಬೆ ತೂಗಾಡುತ್ತಾ ಹೆಜ್ಜೆಯಿಟ್ಟು ಆಸ್ಥಾನಕ್ಕೆ ಬಂತು. "ದೊರೆಯೇ, ನಮ್ಮ ಕುಲ ಅಳಿಯುತ್ತಾ ಇದೆ. ಇದ್ದಷ್ಟು ಕಾಡನ್ನಾದರೂ ಉಳಿಸಿಕೊಡಿ" ಅಂತು.

ಮಂತ್ರಿ ನಕ್ಕ. "ಕುಲ ಅಳಿಯುತ್ತಿದ್ದರೆ ದೂರು ಹೇಳೋಕೆ ಇದು ಎಲ್ಲಿಂದ ಬರ್ತಿತ್ತು ಪ್ರಭು?"

ರಾಜ ತಲೆಯಾಡಿಸಿದ. ರಾಜನ ಅಕ್ಕ ಚೆನ್ನಾಜಮ್ಮ ಮಾತ್ರ ಆ ಗೋಸುಂಬೆಯನ್ನು ಸೆರಗಲ್ಲಿ ಎತ್ತಿಕೊಂಡು ಹಿತ್ತಲ ದಾಳಿಂಬೆ ಗಿಡಕ್ಕೆ ಬಿಟ್ಟಳು. "ತಮ್ಮಾ, ಹೋಗಿ ಕಣ್ಣಾರೆ ನೋಡ್ಕೊಂಡು ಬಾ" ಅಂದಳು.

ರಾಜ ಹೋದ. ಅರ್ಧ ಕಾಡು ಮಾತ್ರ ಉಳಿದಿತ್ತು. "ಗೋಸುಂಬೆಗಳು ಎಲ್ಲಿ?"

"ಎಲೆ ಮೇಲಿವೆ ಪ್ರಭು, ಹಸಿರಾಗಿವೆ" ಅಂದ ಮಂತ್ರಿ.

ಮತ್ತೊಂದು ಸಲ ಹೋದ. ಬರೀ ಬೊಡ್ಡೆಗಳು.

"ಬೊಡ್ಡೆ ಮೇಲಿವೆ ಪ್ರಭು, ಕಂದು ಬಣ್ಣ ಆಗಿವೆ."

ಮೂರನೇ ಸಲ ಹೋದ. ಬರೀ ಮಣ್ಣು.

"ಮಣ್ಣಿನ ಬಣ್ಣಕ್ಕೆ ತಿರುಗಿವೆ. ಕಾಣದಷ್ಟೂ ಜಾಸ್ತಿ ಆಗಿವೆ ಅಂತ ಅರ್ಥ."

ರಾಜ ತಲೆಯಾಡಿಸಿದ್ದಷ್ಟೇ ಅಲ್ಲ, ಮಂತ್ರಿಗೆ ಶಾಲು ಹೊದೆಸಿ 'ಗೋಸುಂಬೆ ಪಾಲಕ' ಅನ್ನೋ ಬಿರುದನ್ನೂ ಕೊಟ್ಟ.

ಚೆನ್ನಾಜಮ್ಮ ಜಗಳ ಮಾಡಲಿಲ್ಲ. ಬಿರುದಿನ ಸಂತೋಷಕ್ಕೆ ಅಂತ ಮಂತ್ರಿಯನ್ನು ಊಟಕ್ಕೆ ಕರೆದಳು. ಅರಮನೆ ಊಟ ಅಂತ ಅವನು ಬೆಳಗಿಂದ ಹಸಿದುಕೊಂಡೇ ಬಂದ. ಬಾಳೆಲೆ ಹಾಕಿದರು. ಚೆನ್ನಾಜಮ್ಮ ಖಾಲಿ ಸೌಟು ಹಿಡಿದು ಬಡಿಸುತ್ತಾ ಹೋದಳು.

"ಅನ್ನ ಬಂದಿಲ್ಲ ತಾಯಿ" ಅಂದ ಮಂತ್ರಿ.

"ಬಡಿಸಿದೀನಲ್ಲ. ಎಲೆ ಬಣ್ಣಕ್ಕೆ ತಿರುಗಿದೆ."

"ಸಾರು?"

"ಅದೂ ಹಸಿರಾಗಿದೆ."

"ಪಾಯಸ?"

"ಕಾಣ್ತಿಲ್ಲ ಅಂದ್ರೆ ಬೇಕಾದಷ್ಟಿದೆ ಅಂತ. ಊಟ ಮಾಡಿ ಮಂತ್ರಿಗಳೇ."

ಮಂತ್ರಿಗೆ ಹಸಿವು ತಡೆಯೋಕಾಗಲಿಲ್ಲ. "ಎಲೆ ಖಾಲಿ ಇದೆ ತಾಯಿ. ಇಲ್ಲದ್ದನ್ನ ಇದೆ ಅಂದ್ರೆ ಹೊಟ್ಟೆ ಒಪ್ಪುತ್ತಾ?"

ಪಕ್ಕದಲ್ಲಿ ಕೂತಿದ್ದ ರಾಜ ತಲೆಯಾಡಿಸಲಿಲ್ಲ. "ಹಾಗಾದರೆ ಕಾಡೂ ಖಾಲಿ ತಾನೇ, ತಿಪ್ಪರಸ?" ಅಂದ.



ಅವತ್ತೇ ಅವನ ಮಂತ್ರಿಗಿರಿ ಹೋಯಿತು. ಭಾವ, ಭಾವಮೈದುನ ಇಬ್ಬರೂ ಆ ಬೋಳು ನೆಲದಲ್ಲಿ ಕಾರೆ, ಕವಳೆ ನೆಟ್ಟು ನೀರು ಹೊರಬೇಕಾಯಿತು. ಕಡಿಯೋಕೆ ಒಂದು ಬೇಸಿಗೆ ಸಾಕಾಗಿತ್ತು. ಕೊಂಬೆಗೆ ಕೊಂಬೆ ಹೆಣೆದುಕೊಳ್ಳೋ ಹೊತ್ತಿಗೆ ಇಬ್ಬರ ತಲೆಯೂ ನರೆತಿತ್ತು. ದೂರು ಹೇಳೋಕೆ ಬಂದ ಗೋಸುಂಬೆ ಅದನ್ನು ನೋಡೋಕೆ ಬದುಕಿರಲಿಲ್ಲ. ದಾಳಿಂಬೆ ಬುಡದಲ್ಲಿ ಅದು ಇಟ್ಟ ಮೊಟ್ಟೆಗಳ ಸಂತತಿಯನ್ನು ಚೆನ್ನಾಜಮ್ಮನೇ ಕೋಲಿನ ಮೇಲೆ ಹತ್ತಿಸಿಕೊಂಡು ಹೋಗಿ ಕಾಡಿಗೆ ಬಿಟ್ಟಳು.

ತಿಳೀತಾ ಮಕ್ಕಳೇ? ಒಂದು ಜೀವಿಯ ಮನೆ ಕಡಿದು, ಅದು ಸುಖವಾಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆ ಹೋದರೆ ಜೀವಿಯೂ ಹೋಗುತ್ತೆ.