ಯಜಮಾನನ ಮಾತು ಮರಳಿ ಬಂದದ್ದು

ಅಳಿವೆಯಲ್ಲಿ ಹೊಳೆಯ ಕೆಸರುಗಟ್ಟಿದ ಹೊಸನೀರು ಇಳಿದು ಕಡಲೆಲ್ಲ ಕೆಂಪಾಯಿತು. ಕಣ್ಣು ಕೆಲಸಕ್ಕೆ ಬಾರದ ಆ ನೀರಿನಲ್ಲಿ ಡಾಲ್ಫಿನ್‌ಗಳು ಕೂಗು ಹಾಕಿ, ಅದು ಎದುರಿಗಿದ್ದುದಕ್ಕೆ ಬಡಿದು ಮರಳಿದ ಸದ್ದಿನಿಂದಲೇ ಬಂಡೆಯೋ ಬಲೆಯೋ ಎಂದು ತಿಳಿಯುತ್ತಿದ್ದವು. ಹಿಂಡಿನ ಯಜಮಾನ ದೊಡ್ಡ ಮಾತುಗಾರ. ಅವನು ಅಪ್ಪಣೆ ಮಾಡಿದ: “ದಾರಿ ಹುಡುಕುವ ಕೂಗು ಬೇರೆ, ಮಾತು ಬೇರೆ. ನಾನು ಮಾತನಾಡುವಾಗ ಯಾರೂ ಕೂಗಕೂಡದು. ಮಾತಿನ ಓಘ ಕೆಡುತ್ತದೆ.”

ಹಿಂಡಿನ ಮುದುಕಿ ಕೇಳಿದಳು: “ಒಂದರಲ್ಲೇ ಎರಡೂ ಆಗುತ್ತದಲ್ಲ, ಯಜಮಾನರೇ? ‘ಬನ್ನಿ’ ಎಂದರೆ ಮರಿಗಳಿಗೆ ಕೇಳಿಸುತ್ತದೆ. ಅದೇ ಸದ್ದು ಬಂಡೆಗೆ ಬಡಿದು ಬಂದರೆ ನನಗೆ ದಾರಿ ತಿಳಿಯುತ್ತದೆ. ಹೇಳಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದರಾಯಿತು.”

“ಮಾತು ಇರುವುದು ಕೇಳುವವರಿಗೆ, ಅಜ್ಜಿ. ಆಡಿದವನೇ ಕೇಳಿಸಿಕೊಳ್ಳುವುದಕ್ಕಲ್ಲ,” ಎಂದ ಯಜಮಾನ. ಎಲ್ಲರಿಗಿಂತ ಮುಂದೆ ಈಜುತ್ತ ಭಾಷಣ ಶುರು ಮಾಡಿದ: “ಬಂಧುಗಳೇ, ಮುಂದಿನ ದಾರಿ ನಿರಾತಂಕವಾಗಿದೆ!”

ಆ ಮಾತು ಅಡ್ಡಲಾಗಿ ಕಟ್ಟಿದ್ದ ಬಲೆಗೆ ಬಡಿದು ಹಿಂದಕ್ಕೆ ಬಂತು. ಮುದುಕಿಗೆ ಕೇಳಿಸಿತು. ಅವಳು ಅಪ್ಪಣೆ ಮೀರಲಿಲ್ಲ. ಬಾಯಿ ತೆರೆಯದೆ ಮರಿಗಳಿಗೆ ಅಡ್ಡ ನಿಂತಳು. ಯಜಮಾನನಿಗೂ ಕೇಳಿಸಿತು. “ನೋಡಿ, ಎದುರಿನವರೂ ನನ್ನ ಮಾತನ್ನು ಒಪ್ಪುತ್ತಿದ್ದಾರೆ,” ಎಂದು ಹುಮ್ಮಸ್ಸಿನಿಂದ ನುಗ್ಗಿದ.

ಬಲೆಯೊಳಗಿಂದ ಕಿವಿಗೊಟ್ಟರೆ ಹಿಂದೆ ಈಜಿನ ಸದ್ದಿಲ್ಲ, ಹಿಂಡು ದೂರದಲ್ಲೇ ನಿಂತಿದೆ. ಅವನಿಗೆ ಸಿಟ್ಟು ಬಂತು. “ಇಲ್ಲಿ ಬಲೆ ಇರುವುದು ನಿಮಗೆ ಹೇಗೆ ತಿಳಿಯಿತು? ನನ್ನ ಅಪ್ಪಣೆ ಮೀರಿ ಕೂಗಿದವರು ಯಾರು?”

“ನೀವೇ, ಯಜಮಾನರೇ,” ಎಂದಳು ಮುದುಕಿ.