ಮೇಡಂ ತಿಂದ ಗಂಟಿನ ಮುದ್ದೆ

ನಮ್ಮನೆ ಗೋಡೆಗೆ ಗೋಡೆ ಅಂಟ್ಕೊಂಡಂಗೆ ಒಬ್ರು ಗುರು ಅವ್ರೆ. ಗಡ್ಡ ಇಲ್ಲ, ಕಾವಿ ಇಲ್ಲ, ರುದ್ರಾಕ್ಷಿ ಇಲ್ಲ. ಕುತ್ತಿಗೇಲಿ ವಿಷಲ್ಲು ನೇತಾಡ್ತಿತ್ತು, ಅದೂ ಈಗಿಲ್ಲ.

ದಾಕ್ಷಾಯಿಣಿ ಮೇಡಂ ಅಂತ. ನಮ್ಮೂರ ಹೆಣ್ಮಕ್ಕಳ ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚಾಗಿ ತಲೆ ಬೆಳ್ಳಗೆ ಮಾಡ್ಕೊಂಡೋರು.

ಅವ್ರು ಕೆಲ್ಸಕ್ಕೆ ಸೇರ್ದಾಗ, ಚಡ್ಡಿ ಹಾಕ್ಕೊಂಡು ಆಡೋಕೆ ಯಾವ ತಾಯೀನೂ ಮಗಳ್ನ ಕಳಿಸ್ತಿರ್ಲಿಲ್ಲ. ಮೇಡಂ ಮನೆಮನೆಗೂ ಹೋಗೋರು. ಜಗಲಿ ಮೇಲೆ ಕೂರೋರು. ಕೊಟ್ಟ ಕಾಫಿ ಕುಡಿಯೋರು. ಹುಡ್ಗೀನ ಕರ್ಕೊಂಡೇ ಏಳೋರು.

ರಿಟೈರಾಗೋ ಹೊತ್ಗೆ ಕಾಲೇಜಿನ ಬೀರು ತುಂಬ ಟ್ರೋಫಿ.

ಅವ್ರ ಜಾಗಕ್ಕೆ ಅವ್ರ ಶಿಷ್ಯೇನೇ ಬಂದ್ಲು. ತೇಜಾವತಿ. ಆಡೋ ಕಾಲಕ್ಕೆ ಚಿರತೆ. ಬಾಯಿ ಮಾತ್ರ, ಶಿವನೇ! ನಮ್ ಬೀದೀಲಿ ಅಷ್ಟು ಬಾಯಿ ಇರೋದು ನಂಗೊಬ್ಳಿಗೇ ಅನ್ಕೊಂಡಿದ್ದೆ.

ಕೋಚಾದ ಮೊದಲ್ನೇ ವರ್ಷಾನೇ ಫೈನಲ್ಲಲ್ಲಿ ಸೋತ್ಲು. ಪ್ರಿನ್ಸಿಪಾಲ್ರು ನಗ್‌ನಗ್ತಾನೇ ಅಂದ್ರಂತೆ, "ಮುಂದಿನ್ ಸಲಾನೂ ಸೋತ್ರೆ ಹೊರಗಿಂದ ಒಬ್ರು ಗಂಡಸ್ರನ್ನ ತರ್ತೀವಮ್ಮ."

ನಗೋರ ಮಾತೇ ಜಾಸ್ತಿ ಚುಚ್ಚೋದು.

ಮತ್ತೆ ಫೈನಲ್ ಬಂತು. ಅದ್ರ ಹಿಂದಿನ ಭಾನುವಾರ ತೇಜಾವತಿ, ನಮ್ ತೇಜು, ಮೇಡಂ ಮನೆಗೆ ಓಡ್ಬಂದ್ಲು. ನಾನೂ ಅಲ್ಲೇ ಸೊಪ್ಪು ಬಿಡಿಸ್ತಾ ಕೂತಿದ್ದೆ.

"ಮೇಡಂ, ನಂಗೊಂದು ಮಾತು ಹೇಳ್ಕೊಡಿ."

"ಯಾವ ಮಾತೇ?"

"ಹೋದ್ವರ್ಷ ಕೊನೇ ನಿಮಿಷದಲ್ಲಿ ಒಂದೇ ಒಂದು ಟೈಮ್‌ಔಟ್ ಇದ್ದಿದ್ರೆ ಗೆಲ್ತಿದ್ವಿ. ಅಷ್ಟೊತ್ಗೆ ಎಲ್ಲಾ ಮುಗಿಸ್ಕೊಂಡು ಕೂತಿದ್ದೆ."

ಟೈಮ್‌ಔಟ್ ಅಂದ್ರೆ, ಕೋಚು ಆಟ ನಿಲ್ಸಿ ಹುಡ್ಗೀರ್ನ ಕರ್ದು ಮಾತಾಡೋದು. ಇಷ್ಟೇ ಸಲ ಅಂತ ಲೆಕ್ಕ ಐತೆ. ಇವ್ಳು ಆಟ ಶುರುವಾದ ತಕ್ಷಣ ನಿಲ್ಸಿದ್ಲು, ಹುಡ್ಗೀರು ಬೆವರೋಕೆ ಮುಂಚೇನೇ ನಿಲ್ಸಿದ್ಲು. ಮಾತಾಡೋ ಚಟ, ಇನ್ನೇನು.

"ಈ ಸಲ ಒಂದು ಉಳಿಸ್ಕೊತೀನಿ ಮೇಡಂ. ಆದ್ರೆ ಆಗ ಏನ್ ಹೇಳ್ಬೇಕು? ನೀವು ನಮ್ಗೆ ಏನ್ ಹೇಳ್ತಿದ್ರಿ?"

"ನೀನೇ ಇದ್ಯಲ್ಲೇ ಅಲ್ಲಿ."

ತೇಜು ಯೋಚ್ನೆ ಮಾಡಿದ್ಲು. "ನೀರು ಕುಡ್ದಿದ್ದು ನೆನಪೈತೆ. ಮಾತು ನೆನಪಿಲ್ಲ."

ಮೇಡಂ ಗೋಡೆಗೆ ಒರಗಿದ್ರು. "ಹಸಿವಾಗ್ತೈತೆ. ಮುದ್ದೆ ಮಾಡು."

"ಮೇಡಂ, ನಾನು ಕೇಳಿದ್ದು..."

"ಉಪ್ಸಾರು ಆಗೈತೆ. ಮುದ್ದೆ ಒಂದೇ ಬಾಕಿ."

ತೇಜು ಎಸರಿಟ್ಲು. ಕುದಿ ಬಂತು, ಹಿಟ್ಟು ಹಾಕಿದ್ಲು, ಬೇಯಿಸಿದ್ಲು. ಕೋಲು ಹಿಡ್ಕೊಂಡು ತಿರುವೋಕೆ ಶುರು ಮಾಡಿದ್ಲು. ಒಳ್ಳೆ ಕೈ. ನಾನು ಸುಮ್‌ಸುಮ್ನೆ ಯಾರ್ನೂ ಹೊಗಳಲ್ಲ.

"ನಿಲ್ಸು," ಅಂದ್ರು ಮೇಡಂ.

ನಿಲ್ಸಿದ್ಲು.

"ಮೊಣಕೈ ಎತ್ತಿ ತಿರುವು."

ಎತ್ತಿ ತಿರುವಿದ್ಲು.

"ನಿಲ್ಸು. ಬಲಗಡೆಯಿಂದ."

"ನಿಲ್ಸು. ಸೊಂಟ ಬಗ್ಸು."

"ನಿಲ್ಸು. ನನ್ ಮುಖ ನೋಡು, ಹೇಳ್ತೀನಿ."

ತೇಜು ಕೋಲು ಪಾತ್ರೇಲೇ ಬಿಟ್ಲು. ಮೂಗಿನ ತುದಿ ಕೆಂಪಗಾಗಿತ್ತು. "ನೋಡಿ ಇಲ್ಲಿ, ಎಲ್ಲಾ ಗಂಟು! ಗಳಿಗೆಗೊಂದ್ಸಲ ನಿಲ್ಸಿದ್ರೆ ಗಂಟಾಗ್ದೆ ಇನ್ನೇನಾಗುತ್ತೆ? ನಂಗೆ ಮುದ್ದೆ ಮಾಡೋಕೆ ಬರುತ್ತೆ ಮೇಡಂ! ನೀವು ಸುಮ್ನಿದ್ದಿದ್ರೆ ಸಾಕಿತ್ತು!"

ಮೇಡಂ ತಟ್ಟೆ ಮುಂದಕ್ಕೆ ತಳ್ಳಿದ್ರು. "ಹಾಕು."

ಗಂಟುಗಂಟು ಮುದ್ದೇನ ಉಪ್ಸಾರಲ್ಲಿ ಅದ್ದಿ ಅದ್ದಿ ಪೂರಾ ತಿಂದ್ರು. ನಂಗೂ ಒಂದು ಹಾಕ್ಸಿದ್ರು. ಬೇಡ ಅನ್ನೋಕಾಗುತ್ತಾ? ಒಳಗೆ ಹಸಿ ಹಿಟ್ಟು. ನುಂಗಿದೆ.

ತೇಜು ತಿನ್ಲಿಲ್ಲ. ತಟ್ಟೆ ನೋಡ್ತಾ ಕೂತಿದ್ಲು. ಆಮೇಲೆ ಪಾತ್ರೆ ತೊಳ್ದಿಟ್ಟು, ಒಂದು ಮಾತೂ ಆಡ್ದೆ ಹೋದ್ಲು. ಆ ಹುಡ್ಗಿ ಮಾತಾಡ್ದೆ ಹೋಗಿದ್ದು ನಾನು ನೋಡಿದ್ದು ಅವತ್ತೇ ಮೊದ್ಲು.

ಫೈನಲ್ ದಿನ ಮೇಡಂ ಜೊತೆ ನಾನೂ ಹೋದೆ. ಮೆಟ್ಲ ಮೇಲೆ, ಜನದ ಮಧ್ಯೆ ಕೂತ್ವಿ. ಮೇಡಂ ಮಡಿಲಲ್ಲಿ ಕಡ್ಲೆಕಾಯಿ ಪೊಟ್ಣ.

ಆಟ ಶುರುವಾಯ್ತು. ಮೊದ್ಲಾದ್ರೆ ಈ ಹುಡ್ಗೀರು ಬಾಲ್ ಕೈಗೆ ಬಂದ್ರೆ ಬುಟ್ಟಿ ನೋಡ್ತಿರ್ಲಿಲ್ಲ, ತೇಜು ಮುಖ ನೋಡೋರು. ಕಾಲೇಜ್ ಕಾಂಪೌಂಡಿಂದ ಎಷ್ಟ್ ಸಲ ನೋಡಿಲ್ಲ ನಾನು. ಅವತ್ತು ತೇಜು ಕೈ ಕಟ್ಕೊಂಡು ನಿಂತಿದ್ಲು. ತುಟಿ ಕಚ್ಕೊಂಡು ಕಚ್ಕೊಂಡು ರಕ್ತ ಬರೋದೊಂದು ಬಾಕಿ.

ಕೊನೇ ಗಳಿಗೆ. ಇವ್ರು ಒಂದು ಪಾಯಿಂಟ್ ಹಿಂದೆ. ತೇಜು ಉಳಿಸಿದ್ದ ಟೈಮ್‌ಔಟ್ ತಗೊಂಡ್ಲು.

ಹುಡ್ಗೀರು ಏದುಸಿರು ಬಿಡ್ತಾ ಸುತ್ಕೊಂಡ್ರು. ತೇಜು ಬಾಯಿ ತೆಗೆದ್ಲು. ಮಾತು ಹೊರಡ್ಲಿಲ್ಲ.

ತಲೆ ಎತ್ತಿ ಮೇಡಂ ಕಡೆ ನೋಡಿದ್ಲು.

ಮೇಡಂ ಬಗ್ಗಿ ಕಾಲ ಹತ್ರ ತಡಕಾಡೋಕೆ ಶುರು ಮಾಡಿದ್ರು.

"ಮೇಡಂ, ಅವ್ಳು ನಿಮ್ನೇ ನೋಡ್ತಾವ್ಳೆ!"

"ಕಡ್ಲೆಕಾಯಿ ಬಿತ್ತು ಕಣಕ್ಕ."

"ಎಲ್ಲಿ ಬಿತ್ತು? ಪೊಟ್ಣ ಕೈಲೇ ಐತೆ!"

"ಹುಡುಕ್ತಿದ್ದೀನಿ ಸುಮ್ನಿರು."

ಕೆಳಗೆ ತೇಜು ನೀರಿನ ಬಾಟ್ಲಿ ತಗೊಂಡು ಒಬ್ಬೊಬ್ರಿಗೂ ಕೊಟ್ಲು. ಎಲ್ಲಾರ್ಗಿಂತ ಕುಳ್ಳಿ, ಲೋಲಾಕ್ಷಿ ಅಂತ, ನೀರು ಕುಡ್ದು ಬಾಯಿ ಒರೆಸ್ಕೊಂಡು ಏನೋ ಹೇಳಿದ್ಲು. ಕೈಯಲ್ಲಿ ಕೋರ್ಟಿನ ಆ ಮೂಲೆ ತೋರ್ಸಿದ್ಲು. ಮಿಕ್ಕೋರು ತಲೆ ಆಡ್ಸಿದ್ರು. ತೇಜೂನೂ ಆಡ್ಸಿದ್ಲು.

ವಿಷಲ್ ಆಯ್ತು. ಬಾಲ್ ಲೋಲಾಕ್ಷಿ ಕೈಗೆ ಬಂತು. ಅವ್ಳು ತೇಜು ಮುಖ ನೋಡ್ಲಿಲ್ಲ. ತಾನೇ ಎಸೆಯೋಳ್ ಥರ ಎಗರಿದ್ಲು, ಎದುರಿನೋರೆಲ್ಲ ಅವ್ಳ ಮೇಲೇ ಬಿದ್ರು. ಬಾಲ್ ಆಗ್ಲೇ ಮೂಲೇಲಿದ್ದೋಳ ಕೈಲಿತ್ತು. ಅಲ್ಲಿಂದ ಬುಟ್ಟಿಗೆ.

ನಾನು ಕೂಗಿದ್ದು ಊರಿಗೇ ಕೇಳಿಸ್ತಂತೆ. ಕೇಳಿಸ್ಲಿ ಬುಡಿ.

ಸಂಜೆ ತೇಜು ಬಂದ್ಲು. ಗೆದ್ದೋಳ ಮುಖ ಅಲ್ಲ ಅದು.

"ಪ್ರಿನ್ಸಿಪಾಲ್ರು ಕೆಲ್ಸ ನಂದೇ ಅಂದ್ರು ಮೇಡಂ."

"ಒಳ್ಳೇದಾಯ್ತು."

"ಆದ್ರೆ ನಾನೇನೂ ಹೇಳ್ಲಿಲ್ಲ. ಹೇಳಿದ್ದು ಲೋಲಾಕ್ಷಿ. ನಾನು ನೀರು ಕೊಟ್ಟಿದ್ದಷ್ಟೇ." ಅವ್ಳು ಮೇಡಂ ಎದುರು ಕೂತ್ಲು. "ಹಂಗಾದ್ರೆ ನಾನೇನು ಕೋಚು? ಇನ್ ಮುಂದೆ ನನ್ ಕೆಲ್ಸ ಏನು, ಅದಾದ್ರೂ ಹೇಳಿ."

ಮೇಡಂ ಎದ್ದು, ಮೂಲೇಲಿದ್ದ ಮುದ್ದೆ ಕೋಲು ತಂದು ಅವ್ಳ ಕೈಗೆ ಕೊಟ್ರು.

"ಹೋಗಿ ಎಸರಿಡು. ಇವತ್ತು ನಾನು ಬಾಯಿ ಬಿಡಲ್ಲ."